ವಿಮಾನ ಕಟ್ಟಿದ ರೈತ ಕ್ಲೈಡ್ ಸೆಸ್ನಾ

ವಿಮಾನ ಅಂದ ಕೂಡಲೇ ನಮಗೆಲ್ಲ ನೆನಪಾಗುವವರು ರೈಟ್ ಸಹೋದರರು. ಅವರ ಪಾಠ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡಿದ್ದೇವೆ. ಆದರೆ 1903ರಲ್ಲಿ ಅವರು ಹಾರಿದ ಮೇಲೆ ಮುಂದೇನಾಯಿತು ಅನ್ನುವುದು ಪಾಠದಲ್ಲಿ ಇಲ್ಲ. ಅವರ ನಂತರ ಬಂದವರಲ್ಲಿ ಒಬ್ಬರ ಜೀವನ ಚರಿತ್ರೆಯನ್ನು ಈ ಸಲ ಬರೆದಿದ್ದೇನೆ. ಅವರ ಹೆಸರು ಕ್ಲೈಡ್ ವರ್ನನ್ ಸೆಸ್ನಾ.

ಸೆಸ್ನಾ ಅಂದ್ರೆ ಒಂದು ಜಾತಿಯ ಪುಟ್ಟ ವಿಮಾನ ಅಂತ ಕೆಲವರಿಗೆ ಗೊತ್ತಿರಬಹುದು. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರ್ಕಾರಿ ವಿಮಾನ ತರಬೇತಿ ಶಾಲೆಯಲ್ಲೂ ಸೆಸ್ನಾ ವಿಮಾನದಲ್ಲಿ ಹಾರಲು ಕಲಿತವರಿದ್ದಾರೆ. ಆದರೆ ಅದು ಒಬ್ಬ ಮನುಷ್ಯನ ಹೆಸರು. ಆ ಮನುಷ್ಯ ಗೋಧಿ ಬೆಳೆಯುವ ರೈತ. ಐದನೇ ತರಗತಿಯ ಆಚೆಗೆ ಶಾಲೆ ಕಂಡವರಲ್ಲ. ಅವರು ಕೈ ಹಾಕಿದ ವಿಮಾನ ಕಂಪನಿಗಳು ನಾಲ್ಕೈದು ವರ್ಷಕ್ಕಿಂತ ಹೆಚ್ಚು ಕಾಲ ಅವರ ಕೈಯಲ್ಲಿ ಉಳಿಯಲಿಲ್ಲ. ಆದರೂ ಅವರ ಹೆಸರು ಇವತ್ತಿಗೂ ಆಕಾಶದಲ್ಲಿ ಓಡಾಡುತ್ತಿದೆ.

ಸೆಸ್ನಾ ಅವರು 1879ನೇ ಇಸವಿ ಡಿಸೆಂಬರ್ 5ರಂದು ಅಮೆರಿಕ ದೇಶದ ಅಯೋವಾ ರಾಜ್ಯದ ಹಾಥಾರ್ನ್ ಎಂಬಲ್ಲಿ ಜನಿಸಿದರು. ಅವರು ಚಿಕ್ಕ ಮಗುವಾಗಿದ್ದಾಗಲೇ ಮನೆಯವರು ಕಾನ್ಸಾಸ್ ರಾಜ್ಯದ ರಾಗೋ ಎಂಬ ಹಳ್ಳಿಯ ಹತ್ತಿರ ಜಮೀನು ಮಾಡಿಕೊಂಡು ಬಂದರು. (ನಮ್ಮ ರಾಗಿಗೂ ಆ ರಾಗೋಗೂ ಸಂಬಂಧವಿಲ್ಲ, ಅಲ್ಲಿ ಬೆಳೆಯುವುದು ಗೋಧಿ!) ಕಾನ್ಸಾಸ್ ಅಮೆರಿಕದ ನಡುಮಧ್ಯದಲ್ಲಿದೆ. ಬೆಟ್ಟಗುಡ್ಡ ಕಡಿಮೆ, ಕಣ್ಣು ಹಾಯಿಸಿದಷ್ಟೂ ಬಯಲು, ಯಾವಾಗಲೂ ಜೋರು ಗಾಳಿ. ಹುಡುಗನಿಗೆ ಪುಸ್ತಕಕ್ಕಿಂತ ಯಂತ್ರಗಳ ಮೇಲೆ ಆಸೆ. ಹೊಲದ ಯಂತ್ರ ಯಾವುದು ಕೆಟ್ಟರೂ ತಾನೇ ಬಿಚ್ಚಿ ರಿಪೇರಿ ಮಾಡುತ್ತಿದ್ದ. ಅಕ್ಕಪಕ್ಕದ ರೈತರೂ ಕರೆಯಲು ಶುರು ಮಾಡಿದರು. ಮೋಟಾರು ಕಾರು ಬಂದ ಕಾಲದಲ್ಲಿ ಕಾರು ರಿಪೇರಿ ಕಲಿತರು, ಆಮೇಲೆ ಪಕ್ಕದ ಓಕ್ಲಹೋಮ ರಾಜ್ಯದ ಈನಿಡ್ ಪಟ್ಟಣದಲ್ಲಿ ಕಾರು ಮಾರುವ ಅಂಗಡಿ ನಡೆಸಿದರು. 1905ರಲ್ಲಿ ಮದುವೆಯಾಯಿತು. ಹೆಂಡತಿಯ ಹೆಸರು ಯುರೋಪಾ. ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿತ್ತು. ಸುಮ್ಮನೆ ಹಾಗೇ ಇದ್ದಿದ್ದರೆ ಸುಖವಾಗಿರುತ್ತಿದ್ದರು.

1911ರ ಜನವರಿಯಲ್ಲಿ ಓಕ್ಲಹೋಮ ಸಿಟಿಗೆ ವಿಮಾನ ಪ್ರದರ್ಶನದ ತಂಡ ಬಂತು. ನಮ್ಮ ಕಡೆ ಸರ್ಕಸ್ ಕಂಪನಿ ಬರುತ್ತದಲ್ಲ, ಆಗ ವಿಮಾನಗಳೂ ಹಾಗೇ ಊರೂರಿಗೆ ಬರುತ್ತಿದ್ದವು. ಜನ ದುಡ್ಡು ಕೊಟ್ಟು ನೋಡುತ್ತಿದ್ದರು. ಸೆಸ್ನಾ ನೋಡಲು ಹೋದರು. ಅಲ್ಲಿದ್ದ ಬ್ಲೇರಿಯೋ ಮಾದರಿಯ ವಿಮಾನ ಅವರ ಕಣ್ಣಿಗೆ ಬಿತ್ತು. 1909ರಲ್ಲಿ ಫ್ರಾನ್ಸಿನ ಲೂಯಿ ಬ್ಲೇರಿಯೋ ಇಂಗ್ಲಿಷ್ ಕಾಲುವೆಯನ್ನು ದಾಟಿದ್ದು ಇದೇ ಬಗೆಯ ವಿಮಾನದಲ್ಲಿ. ರೈಟ್ ಸಹೋದರರ ವಿಮಾನಕ್ಕೆ ಒಂದರ ಮೇಲೊಂದು ಎರಡು ರೆಕ್ಕೆ. ಬ್ಲೇರಿಯೋ ವಿಮಾನಕ್ಕೆ ಹಕ್ಕಿಯ ಹಾಗೆ ಆ ಕಡೆ ಒಂದು, ಈ ಕಡೆ ಒಂದು, ಅಷ್ಟೇ. ಆ ಒಂಟಿ ರೆಕ್ಕೆಯ ಚೆಲುವು ಸೆಸ್ನಾ ಅವರ ತಲೆಯಲ್ಲಿ ಕೂತುಬಿಟ್ಟಿತು, ಕೊನೆಯವರೆಗೂ ಇಳಿಯಲಿಲ್ಲ.

ಊರಿಗೆ ಬಂದವರೇ ನ್ಯೂಯಾರ್ಕಿಗೆ ರೈಲು ಹತ್ತಿದರು. ಅಲ್ಲಿ ಕ್ವೀನ್ ಏರೋಪ್ಲೇನ್ ಎಂಬ ಕಂಪನಿಯಲ್ಲಿ ಕೆಲವು ವಾರ ಇದ್ದು, ವಿಮಾನ ಹೇಗೆ ಜೋಡಿಸುತ್ತಾರೆ ಅಂತ ನೋಡಿಕೊಂಡು, ಒಂದು ವಿಮಾನದ ಮೈಯನ್ನು ಕೊಂಡು ತಂದರು. ಮರದ ಚೌಕಟ್ಟು, ಬಟ್ಟೆಯ ಹೊದಿಕೆ, ತಂತಿಯ ಬಿಗಿತ. ಅದಕ್ಕೆ ಬೇರೆ ಎಂಜಿನ್ ಕೂರಿಸಿ ಸಿಲ್ವರ್‌ವಿಂಗ್, ಅಂದ್ರೆ ಬೆಳ್ಳಿರೆಕ್ಕೆ ಎಂದು ಹೆಸರಿಟ್ಟರು. ಹಾರಿಸುವುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಹೇಳಿಕೊಡುವ ಮೇಷ್ಟ್ರೂ ಇರಲಿಲ್ಲ. ಈಜು ಬಾರದವನು ಬಾವಿಗೆ ಹಾರಿ ಕಲಿತ ಹಾಗೆ ಕಲಿಯಬೇಕಿತ್ತು.

ಈನಿಡ್‌ನಿಂದ ಸ್ವಲ್ಪ ದೂರದಲ್ಲಿ ಗ್ರೇಟ್ ಸಾಲ್ಟ್ ಪ್ಲೇನ್ಸ್ ಎಂಬ ಉಪ್ಪಿನ ಬಯಲಿದೆ. ನಮ್ಮ ದೇಶದ ಕಛ್ ರಣದ ಹಾಗೆ ಬೆಳ್ಳಗೆ, ಚಪ್ಪಟೆ, ಒಂದು ಮರವೂ ಇಲ್ಲ. ಡಿಕ್ಕಿ ಹೊಡೆಯಲು ಏನೂ ಇಲ್ಲದ ಜಾಗ ಅಂತ ಅದನ್ನೇ ಆರಿಸಿದರು. ತಮ್ಮ ರಾಯ್ ಜೊತೆಗಿದ್ದರು. ವಿಮಾನ ಸ್ವಲ್ಪ ಓಡುವುದು, ಎಗರುವುದು, ಬೀಳುವುದು. ಗಾಲಿ ಮುರಿಯಿತು, ರೆಕ್ಕೆ ಮುರಿಯಿತು, ಒಂದು ಸಲ ಆಸ್ಪತ್ರೆಯನ್ನೂ ಸೇರಿದರು. ಮುರಿದದ್ದನ್ನು ಮತ್ತೆ ಕಟ್ಟುವುದು, ಮತ್ತೆ ಹತ್ತುವುದು. ನೋಡಲು ಬಂದ ಜನ ನಕ್ಕರು. ಹನ್ನೆರಡು ಸಲ ಬಿದ್ದು ಹದಿಮೂರನೆಯ ಸಲ ಸರಿಯಾಗಿ ಹಾರಿದರು ಅಂತ ಅವರ ಕಥೆ ಹೇಳುವವರು ಹೇಳುತ್ತಾರೆ. ಒಂದು ಸಲ ಹಾರಿ, ಆಮೇಲೆ ಇದಕ್ಕೆ ಬೆಂಕಿ ಇಟ್ಟು ಈ ಸಹವಾಸವೇ ಬೇಡ ಅಂತ ಮನೆಗೆ ಹೋಗುತ್ತೇನೆ ಎಂದು ಸಿಟ್ಟಿನಲ್ಲಿ ಶಪಥ ಮಾಡಿದ್ದರಂತೆ. ಹಾರಿದ ಮೇಲೆ ಬೆಂಕಿ ಇಡಲಿಲ್ಲ ಅನ್ನುವುದನ್ನು ನಾನು ಹೇಳಬೇಕಾಗಿಲ್ಲ. 1911ರ ಕೊನೆಯ ಹೊತ್ತಿಗೆ ಮೇಲೆದ್ದು, ಸುತ್ತು ಹಾಕಿ, ಹೊರಟ ಜಾಗಕ್ಕೇ ಬಂದು ಇಳಿಯುವುದನ್ನು ಕಲಿತರು. ಆಗ ಅವರಿಗೆ 32 ವರ್ಷ.

ಆಮೇಲೆ ಐದಾರು ವರ್ಷ ಜಾತ್ರೆಗಳಲ್ಲಿ ವಿಮಾನ ಹಾರಿಸಿ ದುಡಿದರು. ಚಳಿಗಾಲದಲ್ಲಿ ಹೊಸ ವಿಮಾನ ಕಟ್ಟುವುದು, ಬೇಸಿಗೆಯಲ್ಲಿ ಹಾರಿಸುವುದು. 1916ರ ಚಳಿಗಾಲದಲ್ಲಿ ಕಾನ್ಸಾಸ್‌ನ ವಿಚಿಟಾ ನಗರದ ಜೋನ್ಸ್ ಎಂಬ ಕಾರು ಕಾರ್ಖಾನೆಯವರು ಜಾಗ ಕೊಟ್ಟರು. ಅಲ್ಲಿ ಸೆಸ್ನಾ ಕಟ್ಟಿದ್ದೇ ಆ ಊರಿನಲ್ಲಿ ತಯಾರಾದ ಮೊದಲ ವಿಮಾನ. ಮುಂದೆ ಅದೇ ವಿಚಿಟಾ ಜಗತ್ತಿನ ವಿಮಾನ ರಾಜಧಾನಿ ಅಂತ ಕರೆಸಿಕೊಂಡಿತು. 1917ರ ಜುಲೈನಲ್ಲಿ ತಮ್ಮ ಕಾಮೆಟ್ ಎಂಬ ವಿಮಾನವನ್ನು ಗಂಟೆಗೆ ಸುಮಾರು 125 ಮೈಲಿ, ಅಂದ್ರೆ 200 ಕಿಲೋಮೀಟರ್ ವೇಗದಲ್ಲಿ ಹಾರಿಸಿದರು. ಅಷ್ಟರಲ್ಲಿ ಅಮೆರಿಕ ಮೊದಲನೇ ಮಹಾಯುದ್ಧಕ್ಕೆ ಇಳಿದಿತ್ತು. ಜಾತ್ರೆ ಹಾರಾಟ ನಿಂತಿತು. ಸೆಸ್ನಾ ಊರಿಗೆ ಹೋಗಿ ನೇಗಿಲು ಹಿಡಿದರು. ಏಳೆಂಟು ವರ್ಷ ಗೋಧಿ ಬೆಳೆದರು, ಒಕ್ಕಣೆ ಯಂತ್ರ ಇಟ್ಟುಕೊಂಡು ಬೇರೆಯವರ ಫಸಲನ್ನೂ ಒಕ್ಕಿಕೊಟ್ಟರು. ವಿಮಾನದ ಕಥೆ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡರು.

ಇಲ್ಲಿಂದ ಮುಂದೆ ಟ್ರಾವೆಲ್ ಏರ್ ಎಂಬ ಕಂಪನಿಯ ಕಥೆ. ಆ ಕಂಪನಿ ಬಾಳಿದ್ದು ಕಡಿಮೆ ದಿನ. ಆದರೆ ಅಷ್ಟು ಕಡಿಮೆ ದಿನದಲ್ಲಿ ಅಷ್ಟು ಹೆಸರು ಮಾಡಿದ ಸಣ್ಣ ವಿಮಾನದ ಕಂಪನಿಗಳು ಬಹಳ ಇಲ್ಲ.

ವಿಚಿಟಾದಲ್ಲಿ ಆಗ ಸ್ವಾಲೋ ಎಂಬ ವಿಮಾನ ಕಂಪನಿ ಇತ್ತು. ಎಣ್ಣೆ ಬಾವಿಯಲ್ಲಿ ದುಡ್ಡು ಮಾಡಿದ ಮೋಲೆಂಡಿಕ್ ಎಂಬವರು ಅದರ ಯಜಮಾನರು. ಅವರ ಕೈಕೆಳಗೆ ಇಬ್ಬರು ಯುವಕರು. ಒಬ್ಬರು ಲಾಯ್ಡ್ ಸ್ಟಿಯರ್‌ಮನ್, ವಿಮಾನದ ನಕ್ಷೆ ಬರೆಯುವುದರಲ್ಲಿ ಬುದ್ಧಿವಂತ. ಇನ್ನೊಬ್ಬರು ವಾಲ್ಟರ್ ಬೀಚ್, ಹಾರಿಸುವುದರಲ್ಲೂ ಮಾರುವುದರಲ್ಲೂ ಗಟ್ಟಿಗ. ವಿಮಾನದ ಮೈಯನ್ನು ಮರದ ಬದಲು ಉಕ್ಕಿನ ಕೊಳವೆಯಲ್ಲಿ ಮಾಡೋಣ ಅಂತ ಈ ಇಬ್ಬರು ಹೇಳಿದರು. ಯಜಮಾನರು ಬೇಡ ಅಂದರು. ಜಗಳವಾಗಿ ಇಬ್ಬರೂ ಕೆಲಸ ಬಿಟ್ಟು ಹೊರಬಂದರು, ಬಂದವರು ಸೆಸ್ನಾ ಅವರನ್ನು ಕಂಡರು. 1925ರಲ್ಲಿ ಮೂವರೂ ಸೇರಿ ಟ್ರಾವೆಲ್ ಏರ್ ಶುರು ಮಾಡಿದರು. ಸೆಸ್ನಾ ಹಣವನ್ನೂ ಯಂತ್ರಗಳನ್ನೂ ಹಾಕಿದರು, ಮುಂದೆ ಅಧ್ಯಕ್ಷರೂ ಆದರು. ವಯಸ್ಸಿನಲ್ಲಿಯೂ ಅವರೇ ಹಿರಿಯರು, 45 ವರ್ಷ. ಕಾರ್ಖಾನೆ ಅಂದ್ರೆ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಮರ ಹದ ಮಾಡುವ ಮಿಲ್ಲಿನಲ್ಲಿ ಬಾಡಿಗೆಗೆ ತೆಗೆದುಕೊಂಡ ಒಂದು ಸಣ್ಣ ಜಾಗ, ಅಷ್ಟೇ.

ಆಗ ಯುದ್ಧ ಮುಗಿದು ಸೇನೆಯ ಹಳೇ ವಿಮಾನಗಳು ಮೂರು ಕಾಸಿಗೆ ಸಿಗುತ್ತಿದ್ದವು. ಹೊಸದನ್ನು ಕೊಳ್ಳುವವರಾರು? ಆದರೆ ಹಳೇ ವಿಮಾನಗಳು ಒಂದೊಂದಾಗಿ ಮುರಿದು ಮೂಲೆ ಸೇರುತ್ತಿದ್ದವು, ಟ್ರಾವೆಲ್ ಏರ್ ವಿಮಾನವೋ ಗಟ್ಟಿ. ಎಂಜಿನ್ ಮಾತ್ರ ಯುದ್ಧದಲ್ಲಿ ಉಳಿದ ಅಗ್ಗದ 90 ಅಶ್ವಶಕ್ತಿಯ ಓ.ಎಕ್ಸ್.-5. ಹೀಗಾಗಿ ಬೇಡಿಕೆ ಏರಿತು. 1927ರ ಮೇ ತಿಂಗಳಲ್ಲಿ ಚಾರ್ಲ್ಸ್ ಲಿಂಡ್‌ಬರ್ಗ್ ಒಬ್ಬರೇ ಅಟ್ಲಾಂಟಿಕ್ ಸಾಗರ ದಾಟಿದ ಮೇಲಂತೂ ಅಮೆರಿಕದವರಿಗೆಲ್ಲ ವಿಮಾನದ ಹುಚ್ಚು ಹಿಡಿಯಿತು. 1929ರಲ್ಲಿ ಹೆಂಗಸರ ವಿಮಾನ ಪಂದ್ಯ ನಡೆದಾಗ ಗೆದ್ದ ಲೂಯಿಸ್ ಥೇಡನ್ ಹಾರಿಸಿದ್ದು ಟ್ರಾವೆಲ್ ಏರ್ ವಿಮಾನವನ್ನೇ. ನಾಲ್ಕು ಚಿಲ್ಲರೆ ವರ್ಷದಲ್ಲಿ ಸುಮಾರು 1,800 ವಿಮಾನ ತಯಾರಾದವು.

ಆದರೆ ಸೆಸ್ನಾ ಅಷ್ಟು ದಿನ ಅಲ್ಲಿ ಇರಲಿಲ್ಲ. ಯಾಕೆ ಅನ್ನುವುದೇ ಅವರ ಜೀವನದ ಮುಖ್ಯ ಸಂಗತಿ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆ ಕಾಲದ ವಿಮಾನಗಳು ಹೆಚ್ಚಾಗಿ ಜೋಡಿ ರೆಕ್ಕೆಯವು. ಎರಡು ರೆಕ್ಕೆಗಳ ನಡುವೆ ಕಂಬ, ಕಂಬದಿಂದ ಕಂಬಕ್ಕೆ ತಂತಿ. ನಮ್ಮ ಊರಿನ ಚಪ್ಪರ ನೆನಪು ಮಾಡಿಕೊಳ್ಳಿ, ನಾಲ್ಕು ಕಡೆ ಗೂಟ, ಹಗ್ಗ, ಬಿಗಿತ. ಗಟ್ಟಿಯೇನೋ ಹೌದು. ಆದರೆ ಪ್ರತಿ ಕಂಬ, ಪ್ರತಿ ತಂತಿ ಎದುರು ಗಾಳಿಗೆ ಅಡ್ಡ. ಸೈಕಲ್ ಮೇಲೆ ಹೋಗುವಾಗ ಕೈಯಲ್ಲಿ ಬಿಚ್ಚಿದ ಕೊಡೆ ಇದ್ದರೆ ಎಷ್ಟು ಜಗ್ಗುತ್ತದೆ? ಹಾಗೆ. ಎಂಜಿನ್ನಿನ ಅರ್ಧ ಶಕ್ತಿ ಈ ಜಗ್ಗಾಟಕ್ಕೇ ಹೋದರೆ ವೇಗ ಎಲ್ಲಿಂದ ಬರಬೇಕು? ಸೆಸ್ನಾ ಅವರ ವಿಚಾರ ಬೇರೆ. ಒಂದೇ ರೆಕ್ಕೆ ಸಾಕು, ಅದಕ್ಕೆ ಹೊರಗಡೆ ಕಂಬವೂ ಬೇಡ, ತಂತಿಯೂ ಬೇಡ, ಬಲವೆಲ್ಲ ರೆಕ್ಕೆಯ ಹೊಟ್ಟೆಯೊಳಗಿನ ತೊಲೆಯಲ್ಲಿ ಇರಬೇಕು. ನಮ್ಮ ಶಾಲೆಯ ಕಿಟಕಿಯ ಮೇಲಿನ ಸಜ್ಜವನ್ನು ನೋಡಿ. ಕೆಳಗೆ ಕಂಬವಿಲ್ಲ. ಗೋಡೆಯಿಂದ ಹೊರಗೆ ಬಂದು ತನ್ನಷ್ಟಕ್ಕೆ ನಿಂತಿದೆ, ಬಲ ಒಳಗಿನ ಕಬ್ಬಿಣದಲ್ಲಿದೆ. ಅಂಥ ರೆಕ್ಕೆ.

1926ರಲ್ಲಿ ಸೆಸ್ನಾ ತಮ್ಮದೇ ಖರ್ಚಿನಲ್ಲಿ, ತಮ್ಮದೇ ಬಿಡುವಿನಲ್ಲಿ ಒಂದು ಒಂಟಿ ರೆಕ್ಕೆಯ ವಿಮಾನ ಕಟ್ಟಿ ತೋರಿಸಿದರು. ಅದು ಚೆನ್ನಾಗಿ ಹಾರಿತು. ಅದನ್ನೇ ದೊಡ್ಡದು ಮಾಡಿ ಕಂಪನಿ ಟ್ರಾವೆಲ್ ಏರ್ 5000 ಎಂಬ ವಿಮಾನ ತಯಾರಿಸಿತು, ಅಂಚೆ ಸಾಗಿಸುವ ಕಂಪನಿಯೊಂದು ಕೊಂಡಿತು. ಆದರೂ ಅದರ ರೆಕ್ಕೆಗೆ ಕೆಳಗಿನಿಂದ ಊರುಗೋಲು ಇತ್ತು. ಸೆಸ್ನಾಗೆ ಆ ಊರುಗೋಲನ್ನೂ ತೆಗೆಯಬೇಕು. ಬೀಚ್ ಅವರಿಗೆ ಜೋಡಿ ರೆಕ್ಕೆಯ ಮೇಲೆ ನಂಬಿಕೆ, ಮತ್ತು ಅದೇ ತಾನೇ ಮಾರಾಟವಾಗುತ್ತಿದ್ದದ್ದು. ನನಗನ್ನಿಸುವ ಹಾಗೆ ಬೀಚ್ ಅವರದು ತಪ್ಪು ಅಂತ ಹೇಳಲಾಗದು. ಸಂಬಳ ಕೊಡಬೇಕಾದ ಕಂಪನಿ ನಡೆಯುವ ಎತ್ತನ್ನು ಬಿಟ್ಟು ನೋಡದ ಕುದುರೆಯನ್ನು ಹೇಗೆ ಕಟ್ಟೀತು? ಸ್ಟಿಯರ್‌ಮನ್ 1926ರಲ್ಲೇ ಬಿಟ್ಟು ಕ್ಯಾಲಿಫೋರ್ನಿಯಾಗೆ ಹೋಗಿದ್ದರು. 1927ರಲ್ಲಿ ಸೆಸ್ನಾ ತಮ್ಮ ಪಾಲನ್ನು ಮಾರಿ ಹೊರಬಂದರು. ಅದೇ ವರ್ಷದ ಆಗಸ್ಟ್‌ನಲ್ಲಿ ವೂಲಾರಾಕ್ ಎಂಬ ಹೆಸರಿನ ಒಂದು ಟ್ರಾವೆಲ್ ಏರ್ 5000 ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಿಂದ ಹವಾಯಿ ದ್ವೀಪದವರೆಗೆ ಸಮುದ್ರದ ಮೇಲೆ ಸುಮಾರು 2,400 ಮೈಲಿ ಹಾರಿ ಪಂದ್ಯ ಗೆದ್ದಿತು. ಅದೊಂದು ಭಯಂಕರ ಪಂದ್ಯ. ಗುರಿ ಮುಟ್ಟಿದ್ದು ಎರಡೇ ವಿಮಾನ, ಹಲವರು ಪ್ರಾಣ ಕಳೆದುಕೊಂಡರು. ಗೆದ್ದ ವಿಮಾನದ ಬೇರು ಸೆಸ್ನಾ ಅವರದು. ಆದರೆ ಅವರು ಆ ಹೊತ್ತಿಗೆ ಹೊರಗಿನವರು.

ಹೊರಗೆ ಬಂದವರು ಸುಮ್ನೆ ಕೂರಲಿಲ್ಲ. ವಿಚಿಟಾದಲ್ಲೇ ಒಂದು ಸಣ್ಣ ಶೆಡ್ ಹಿಡಿದು, ಅದೇ ಆಗಸ್ಟ್‌ನಲ್ಲಿ ಕಂಬವಿಲ್ಲದ ರೆಕ್ಕೆಯ ವಿಮಾನವನ್ನು ಹಾರಿಸಿಯೇಬಿಟ್ಟರು. ವಿಕ್ಟರ್ ರೂಸ್ ಎಂಬವರು ಪಾಲುದಾರರಾಗಿ ಬಂದರು, ಕಂಪನಿಗೆ ಸೆಸ್ನಾ-ರೂಸ್ ಅಂತ ಹೆಸರಾಯಿತು. ರೂಸ್ ಕೆಲವೇ ತಿಂಗಳಲ್ಲಿ ಬಿಟ್ಟುಹೋದರು. ಆಗ ಬರೀ ಸೆಸ್ನಾ ಕಂಪನಿ ಉಳಿಯಿತು. ಅಲ್ಲಿ ತಯಾರಾದ ಎ.ಡಬ್ಲ್ಯು. ಎಂಬ ವಿಮಾನದಲ್ಲಿ ನಾಲ್ಕು ಜನ ಕೂರಬಹುದಿತ್ತು. ಎಂಜಿನ್ ಕೇವಲ 110 ಅಶ್ವಶಕ್ತಿ. 1928ರಲ್ಲಿ ನ್ಯೂಯಾರ್ಕ್‌ನಿಂದ ಲಾಸ್ ಏಂಜಲಿಸ್‌ವರೆಗೆ, ಅಂದ್ರೆ ದೇಶದ ಈ ತುದಿಯಿಂದ ಆ ತುದಿಗೆ ನಡೆದ ಪಂದ್ಯದಲ್ಲಿ ಸಣ್ಣ ವಿಮಾನಗಳ ವಿಭಾಗವನ್ನು ಅರ್ಲ್ ರೋಲೆಂಡ್ ಎಂಬ ಪೈಲಟ್ ಇದೇ ವಿಮಾನದಲ್ಲಿ ಗೆದ್ದರು. ರೆಕ್ಕೆ ಉದುರಿಹೋಗುತ್ತದೆ ಅಂತ ತಲೆ ಅಲ್ಲಾಡಿಸಿದವರೆಲ್ಲ ಬಾಯಿ ಮುಚ್ಚಿದರು. ದೊಡ್ಡ ಕಾರ್ಖಾನೆ ಎದ್ದಿತು.

ಕಾರ್ಖಾನೆ ಎದ್ದ ವರ್ಷ 1929. ಆ ವರ್ಷ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಷೇರು ಪೇಟೆ ಬಿತ್ತು, ಬ್ಯಾಂಕುಗಳು ಮುಳುಗಿದವು, ಲಕ್ಷಾಂತರ ಜನ ಕೆಲಸ ಕಳೆದುಕೊಂಡರು. ಊಟಕ್ಕೇ ಇಲ್ಲದಾಗ ವಿಮಾನ ಯಾರಿಗೆ ಬೇಕು? ಸೆಸ್ನಾ ಎಂಜಿನ್ನೇ ಇಲ್ಲದ ಗ್ಲೈಡರ್ ಮಾಡಿ 398 ಡಾಲರಿಗೆ ಮಾರಲು ನೋಡಿದರು. ಅದರಿಂದ ದೊಡ್ಡ ಕಾರ್ಖಾನೆ ನಡೆದೀತೇ? 1931ರಲ್ಲಿ ಷೇರುದಾರರು ಬಾಗಿಲು ಹಾಕಿದರು. ಟ್ರಾವೆಲ್ ಏರ್ ಕಥೆಯೂ ಇದೇ. 1929ರ ಆಗಸ್ಟ್‌ನಲ್ಲಿ ಅದನ್ನು ಕರ್ಟಿಸ್-ರೈಟ್ ಎಂಬ ದೈತ್ಯ ಕಂಪನಿ ಕೊಂಡಿತ್ತು. ಬಿಕ್ಕಟ್ಟು ಬಂದ ಮೇಲೆ ಅವರು ವಿಚಿಟಾದ ಕಾರ್ಖಾನೆಯನ್ನೇ ಮುಚ್ಚಿದರು. ಮೂವರು ಗೆಳೆಯರು ಕಟ್ಟಿದ ಮನೆ ಹಾಗೆ ಖಾಲಿಯಾಯಿತು.

ಇನ್ನೊಂದು ತಮಾಷೆ ಕೇಳಿ. 1932ರಲ್ಲಿ ಬೀಚ್ ಹೆಂಡತಿ ಆಲಿವ್ ಆನ್ ಜೊತೆ ಸೇರಿ ಹೊಸ ಕಂಪನಿ ತೆಗೆದರು. ಅವರು ಬಾಡಿಗೆಗೆ ಹಿಡಿದ ಜಾಗ ಯಾವುದು ಗೊತ್ತಾ? ಬೀಗ ಬಿದ್ದಿದ್ದ ಸೆಸ್ನಾ ಕಾರ್ಖಾನೆ! ಒಂಟಿ ರೆಕ್ಕೆಗಾಗಿ ಕಟ್ಟಿದ ಆ ಶೆಡ್ಡಿನೊಳಗೆ ಬೀಚ್ ಮಾಡಿದ ಮೊದಲ ವಿಮಾನ ಜೋಡಿ ರೆಕ್ಕೆಯದು.

ಸೆಸ್ನಾ ಆಗಲೂ ಬಿಡಲಿಲ್ಲ. ಮಗ ಎಲ್ಡನ್ ಜೊತೆ ಸಿ.ವಿ. ಸೆಸ್ನಾ ಎಂಬ ಇನ್ನೊಂದು ಪುಟ್ಟ ಕಂಪನಿ ಮಾಡಿ, ಪಂದ್ಯದ ವಿಮಾನಗಳನ್ನು ಕಟ್ಟತೊಡಗಿದರು. ಒಬ್ಬರೇ ಕೂರುವ, ಗಿಡುಗನಂಥ ಚಿಕ್ಕ ವಿಮಾನಗಳು. 1933ರಲ್ಲಿ ಜಾನಿ ಲಿವಿಂಗ್‌ಸ್ಟನ್ ಎಂಬ ಪ್ರಸಿದ್ಧ ಪೈಲಟ್ ಸಿ.ಆರ್.-3ನ್ನು ಗಂಟೆಗೆ 237 ಮೈಲಿ ಓಡಿಸಿ ಆ ಗಾತ್ರದ ಎಂಜಿನ್ನಿಗೆ ದಾಖಲೆ ಮಾಡಿದರು. ಆದರೆ ಅದು ಎರಡು ತಿಂಗಳು ಬಾಳಿತು. ಗಾಲಿ ಸರಿಯಾಗಿ ಕೆಳಗಿಳಿಯದೆ, ಪೈಲಟ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿಕೊಂಡರು, ವಿಮಾನ ಹೋಯಿತು.

ಮುಂದಿನದನ್ನು ಬರೆಯಲು ಬೇಜಾರು. ಅದೇ 1933ರ ಸೆಪ್ಟೆಂಬರಿನಲ್ಲಿ ಶಿಕಾಗೋ ಪಂದ್ಯದಲ್ಲಿ ಸಿ.ಆರ್.-2 ವಿಮಾನವನ್ನು ರಾಯ್ ಲಿಗೆಟ್ ಹಾರಿಸುತ್ತಿದ್ದರು. ಅವರು ಸೆಸ್ನಾ ಅವರ ಸ್ನೇಹಿತರು. ಗಾಳಿಯಲ್ಲೇ ರೆಕ್ಕೆ ಮುರಿದು ವಿಮಾನ ಬಿತ್ತು, ಲಿಗೆಟ್ ಸತ್ತರು. ಹನ್ನೆರಡು ಸಲ ತಾನು ಬಿದ್ದಾಗ ಎದ್ದು ನಿಂತ ಮನುಷ್ಯ, ಸ್ನೇಹಿತ ಬಿದ್ದಾಗ ಏಳಲಿಲ್ಲ. ದುಡ್ಡು ಹೋಗಿದ್ದಕ್ಕೆ ಅವರು ಅಷ್ಟು ಕುಗ್ಗಿರಲಿಲ್ಲ. ಆ ಕಂಪನಿಯೂ ನಿಂತಿತು. ಹೊಸ ವಿಮಾನ ಕಟ್ಟುವ ಉಮೇದು ಅವರಲ್ಲಿ ಮತ್ತೆ ಹುಟ್ಟಲಿಲ್ಲ.

ಕಾರ್ಖಾನೆಯ ಬೀಗ ತೆಗೆಸಿದ್ದು ಅವರ ಸೋದರಳಿಯ ಡ್ವೇನ್ ವ್ಯಾಲೇಸ್. ಚಿಕ್ಕವನಿದ್ದಾಗ ಮಾವನ ವಿಮಾನದಲ್ಲಿ ಕೂತು ಆಕಾಶ ನೋಡಿದ್ದ ಹುಡುಗ ವಿಚಿಟಾ ವಿಶ್ವವಿದ್ಯಾಲಯದಲ್ಲಿ ವಿಮಾನ ಎಂಜಿನಿಯರಿಂಗ್ ಓದಿ, 1933ರಲ್ಲಿ ಪಾಸಾಗಿ, ಮೊದಲು ಬೀಚ್ ಅವರ ಹತ್ತಿರವೇ ಕೆಲಸಕ್ಕೆ ಸೇರಿದ್ದರು. ಅವರೂ ವಕೀಲರಾಗಿದ್ದ ಅವರ ಅಣ್ಣ ಡ್ವೈಟ್ ಅವರೂ ಷೇರುದಾರರ ಮನೆಬಾಗಿಲಿಗೆ ತಿರುಗಿ ಬೆಂಬಲ ಕೂಡಿಸಿ, 1934ರ ಜನವರಿಯಲ್ಲಿ ಕಂಪನಿಯನ್ನು ಮತ್ತೆ ತೆರೆದರು. ಸೆಸ್ನಾ ಹೆಸರಿಗೆ ಅಧ್ಯಕ್ಷರಾದರು. ಡ್ವೇನ್ ತಯಾರಿಸಿದ ಸಿ-34 ವಿಮಾನ 1935ರಲ್ಲಿ ಹಾರಿತು. ನಾಲ್ಕು ಸೀಟು, 145 ಅಶ್ವಶಕ್ತಿ, ಮತ್ತು ರೆಕ್ಕೆಗೆ ಕಂಬವಿಲ್ಲ! ಮಾವನ ಹಠ ಅಳಿಯನ ಲೆಕ್ಕದಲ್ಲಿ ಉಳಿದುಕೊಂಡಿತ್ತು. ಅದಕ್ಕೆ ಜಗತ್ತಿನ ಅತ್ಯಂತ ದಕ್ಷ ವಿಮಾನ ಎಂಬ ಬಿರುದು ಬಂತು. ಡ್ವೇನ್ ತಾವೇ ಪಂದ್ಯಗಳಲ್ಲಿ ಹಾರಿ, ಬಹುಮಾನದ ದುಡ್ಡಿನಲ್ಲಿ ಕೆಲಸಗಾರರ ಸಂಬಳ ಕೊಟ್ಟರಂತೆ.

1936ರ ಅಕ್ಟೋಬರಿನಲ್ಲಿ ಸೆಸ್ನಾ ತಮ್ಮ ಪಾಲನ್ನು ಅಳಿಯಂದಿರಿಗೆ ಮಾರಿ, ರಾಗೋದ ಹೊಲಕ್ಕೆ ಹಿಂದಿರುಗಿದರು. ಆಗ ಅವರಿಗೆ 56 ವರ್ಷ. ಉಳಿದ 18 ವರ್ಷ ಅವರು ರೈತರಾಗಿಯೇ ಬಾಳಿದರು. ಎರಡನೇ ಮಹಾಯುದ್ಧದಲ್ಲಿ ಅವರ ಹೆಸರಿನ ಕಾರ್ಖಾನೆ ಪೈಲಟ್‌ಗಳ ತರಬೇತಿಗೆ ಸಾವಿರಾರು ವಿಮಾನ ತಯಾರಿಸಿತು. ಸ್ಟಿಯರ್‌ಮನ್ ಹೆಸರಿನ ತರಬೇತಿ ವಿಮಾನವೂ ಆಗ ಬಲು ಪ್ರಸಿದ್ಧ. ಬೀಚ್ ಅವರ ಕಂಪನಿಯೂ ಬೆಳೆಯಿತು. ಬೀಚ್ 1950ರಲ್ಲಿ ತೀರಿಕೊಂಡರು. ಸೆಸ್ನಾ 1954ರ ನವೆಂಬರ್ 20ರಂದು, 74ನೇ ವಯಸ್ಸಿನಲ್ಲಿ ನಿಧನರಾದರು.

ಅದಾದ ಏಳು ತಿಂಗಳಿಗೆ, 1955ರ ಜೂನ್‌ನಲ್ಲಿ, ಸೆಸ್ನಾ 172 ಎಂಬ ವಿಮಾನ ಮೊದಲ ಸಲ ಹಾರಿತು. ಜಗತ್ತಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನ ಅದೇ, 44,000ಕ್ಕೂ ಹೆಚ್ಚು. ಅದರ ಚಿತ್ರವನ್ನು ಈ ಹಾಳೆಯ ಕೆಳಗೆ ಬಿಡಿಸಿದ್ದೇನೆ, ರೆಕ್ಕೆಯ ಅಡಿಯಲ್ಲಿ ಓರೆಯಾಗಿ ಒಂದು ಕೋಲು ಕಾಣುತ್ತದೆ ನೋಡಿ. ಗೆರೆ ತಪ್ಪಿ ಬಂದದ್ದಲ್ಲ. ತಯಾರಿಕೆ ಸುಲಭ, ಖರ್ಚು ಕಡಿಮೆ, ತೂಕವೂ ಕಡಿಮೆ ಅಂತ ಕಂಪನಿಯವರು ರೆಕ್ಕೆಗೆ ಊರುಗೋಲನ್ನು ಮತ್ತೆ ಹಚ್ಚಿದರು.